ಓಮಾನ್ ಗೆದ್ದಿತು, ಕಾಣೆ ಮೀನು ಬೇಡವಾಯಿತು

ಸ್ನೇಹಿತರೇ, ಇದನ್ನು ಬರೆಯುವುದೇ ಬೇಡ ಎಂದುಕೊಂಡಿದ್ದೆ. ನಿನ್ನೆ ಗಲ್ಫ್ ಕಪ್ ಫುಟ್‌ಬಾಲ್ ಸೆಮಿಫೈನಲ್‌ನಲ್ಲಿ ಓಮಾನ್ ಸೋಲಲಿ ಎಂದು ನಾನು ಬಯಸಿದ್ದೆ. ನನ್ನ ಗಂಡ ಮಸ್ಕತ್ತಿನಲ್ಲಿ ಬಾವುಟ ಹೊಲಿಯುವ ಅಂಗಡಿಯೊಂದನ್ನು ನೋಡಿಕೊಳ್ಳುತ್ತಾರೆ. ಓಮಾನ್ ಸೋತಿದ್ದರೆ ಶನಿವಾರ ಅಲೆವೂರಿನ ಮನೆಗೆ ಬರುತ್ತಿದ್ದರು. ಗೆದ್ದಿತು. ಫೈನಲ್‌ಗೆ ಇನ್ನಷ್ಟು ಬಾವುಟ ಬೇಕಂತೆ, ರಜೆ ರದ್ದು.

ಬೆಳಿಗ್ಗೆ ಮೀನಿನ ಕಮಲಕ್ಕ ಬುಟ್ಟಿ ಇಳಿಸುವ ಮೊದಲೇ ಮೊಬೈಲ್ ತೋರಿಸಿದರು. ಅವರ ಮಗನೂ ಮಸ್ಕತ್ತಿನಲ್ಲಿದ್ದಾನೆ.

"ನಮ್ಮವರು ಗೆದ್ದರು ಮಾರಾಯ್ರೆ! ಮಗ ಕುಣಿಯುವುದು ನೋಡಿ."

"ಶನಿವಾರಕ್ಕೆ ಹೇಳಿದ ಕಾಣೆ ಬೇಡ ಕಮಲಕ್ಕ. ಅವರು ಬರುವುದಿಲ್ಲ."

"ಅದಕ್ಕಾ ಈ ಮುಖ? ಸೋಲಲಿ ಅಂತ ಹರಕೆ ಹೊತ್ತಿದ್ರಾ ಎಂತ?"

ಕಮಲಕ್ಕ ಮೊಬೈಲ್ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ನನ್ನ ಮಗ ಬಾರದೆ ಮೂರು ವರ್ಷ ಆಯ್ತು. ಅಲ್ಲಿಯಾದರೂ ಕುಣಿಯಲಿ ಅಲ್ವಾ? ಶನಿವಾರ ನಿಮಗೆ ಬಂಗುಡೆ ಸಾಕು."

ನನಗೆ ನಾಚಿಕೆಯಾಯಿತು, ಆದರೆ ಗಂಡ ಬರಲಿ ಎಂಬ ಆಸೆ ಕಡಿಮೆಯಾಗಲಿಲ್ಲ.

ಶನಿವಾರ ಫೈನಲ್ ನೋಡುತ್ತೇನೆ. ಆಟ ಅರ್ಥವಾಗುವುದಿಲ್ಲ, ಗ್ಯಾಲರಿಯ ಬಾವುಟಗಳಲ್ಲಿ ಅವರ ಅಂಗಡಿಯದ್ದು ಯಾವುದೆಂದು ಹುಡುಕಬೇಕು. ಓಮಾನಿಗೂ ಹೊಸ ವರ್ಷದ ಶುಭಾಶಯ.

ಜನವರಿ ಒಂದು.