ಘಟ್ಟ ಇಳಿದ ಕಡಕ್ ರೊಟ್ಟಿ

ನನಗೆ ಈಜು ಬರುವುದಿಲ್ಲ. ಬಾವಿಯಲ್ಲಿ ಇಣುಕಿದರೂ ತಲೆ ತಿರುಗುತ್ತದೆ. ಒಮ್ಮೆ ಹುಸೇನ್ ಸಾಗರದಲ್ಲಿ ದೋಣಿ ಹತ್ತಿದಾಗ ಅದರ ಕಂಬಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ, ಮನೆಗೆ ಬಂದು ಕೈ ತೊಳೆದರೂ ಅಂಗೈಯ ತುಕ್ಕು ಹೋಗಿರಲಿಲ್ಲ. ಇಂಥ ನಾನು, ಇವರು ನಿವೃತ್ತರಾದ ಮೇಲೆ ಸಮುದ್ರದ ದಂಡೆಯ ಹಳ್ಳಿಯೊಂದಕ್ಕೆ ಹೋಗಿ ಇರೋಣವೆಂದು ಹಟ ಹಿಡಿದೆ. ಕೇಳಿದವರೆಲ್ಲ ಅದು ಇವರ ಆಸೆಯಿರಬೇಕೆಂದು ತಿಳಿದು, ನನ್ನ ಕಡೆ ತಿರುಗಿ, “ಪಾಪ, ನೀವು ಹ್ಯಾಂಗ ಒಪ್ಪಿದ್ರಿ?” ಎನ್ನುತ್ತಾರೆ. ಮೆಲ್ಲಗೆ ಮಾತಾಡುವ ಹೆಂಗಸರಿಗೆ ಇದೊಂದು ಅನುಕೂಲ. ನಮಗೂ ಹಟವಿದೆಯೆಂದು ಯಾರಿಗೂ ಅನುಮಾನ ಬರುವುದಿಲ್ಲ.

ಈ ಹಟದ ಬೇರು ಗುಲಬರ್ಗಾದ ನನ್ನ ಕಾನ್ವೆಂಟಿನಲ್ಲಿದೆ. ಅಲ್ಲಿ ಭೂಗೋಳ ಕಲಿಸುತ್ತಿದ್ದ ಸಿಸ್ಟರ್ ಕರಾವಳಿಯವರು. ನಕಾಶೆ ಬರೆದ ಮೇಲೆ ಭೂಮಿಯ ಅಂಚಿನುದ್ದಕ್ಕೂ ನೀಲಿ ಪೆನ್ಸಿಲ್ಲಿನಿಂದ ಸಣ್ಣ ಸಣ್ಣ ಗೆರೆ ಎಳೆಯಬೇಕು, ಎಲ್ಲ ಒಂದೇ ಅಳತೆಯವು. ಒಂದು ಗೆರೆ ಓರೆಯಾದರೂ, “ನೆಲದವರಿಗೆ ನೀರಿನ ಮರ್ಯಾದೆ ತಿಳಿಯುವುದಿಲ್ಲ” ಎಂದು ಗದರುತ್ತಿದ್ದರು. ವರ್ಷದ ಕೊನೆಗೆ ನನ್ನ ಡಬ್ಬಿಯಲ್ಲಿ ಹಸಿರು, ಹಳದಿ ಪೆನ್ಸಿಲ್ಲುಗಳು ಉದ್ದುದ್ದ ಉಳಿದಿರುತ್ತಿದ್ದವು. ನೀಲಿ ಮಾತ್ರ ಉಗುರಿನಷ್ಟು. ನಮ್ಮೂರಲ್ಲಿ ನೀರೆಂದರೆ ಕೊಡದಲ್ಲಿ ಬರುವ ವಸ್ತು. ಅದಕ್ಕೊಂದು ದಂಡೆಯಿರುತ್ತದೆ, ಆ ದಂಡೆಯಲ್ಲಿ ಮನೆಗಳಿರುತ್ತವೆ, ಆ ಮನೆಯ ಹೆಂಗಸರು ಬಟ್ಟೆ ಒಣಹಾಕಲು ಬಂದಾಗ ಸುಮ್ಮನೆ ಕಣ್ಣೆತ್ತಿದರೆ ಸಮುದ್ರ ಕಾಣುತ್ತದೆ ಎಂಬುದನ್ನು ನಾನು ಬಹಳ ದಿನ ನಂಬಿರಲಿಲ್ಲ. ನಂಬಿದ ಮೇಲೆ ಬಿಡಲಾಗಲಿಲ್ಲ.

ಮದುವೆಯಾಗಿ ಬಂದದ್ದು ಮಾತ್ರ ಹೈದರಾಬಾದಿಗೆ. ಇವರ ಕಾರ್ಖಾನೆ ಬಾಲಾನಗರದ ಕಡೆ, ನಾವು ಮನೆ ಕಟ್ಟಿಸಿದ್ದು ಊರಿನ ಇನ್ನೊಂದು ತುದಿಯಲ್ಲಿ, ದಿಲ್‌ಸುಖ್‌ನಗರದ ಹಿಂದಿನ ಕಾಲೊನಿಯಲ್ಲಿ. ಆಗ ನಮ್ಮ ಹಿತ್ತಲಿನಾಚೆ ಸೀತಾಫಲದ ಗಿಡಗಳಿದ್ದವು. ಈಗ ಅಲ್ಲಿ ಕಂಪ್ಯೂಟರ್ ಕೋಚಿಂಗ್ ಸೆಂಟರ್ ಇದೆ, ಅದರ ಮೇಲೆ ಹುಡುಗರ ಹಾಸ್ಟೆಲ್, ಅದರ ಮೇಲೆ ಇನ್ನೊಂದು ಕೋಚಿಂಗ್ ಸೆಂಟರ್. ಬೆಳಿಗ್ಗೆ ಬಾಗಿಲು ತೆಗೆದರೆ ಅಂಗಳದ ತುಂಬ ಕರಪತ್ರಗಳು: ಜಾವಾ ಕಲಿಯಿರಿ, ಅಮೆರಿಕಕ್ಕೆ ಹೋಗಿರಿ. ನಾನು ಎರಡನ್ನೂ ಮಾಡಲಿಲ್ಲ. ಕರಪತ್ರಗಳನ್ನು ಆಯ್ದು ರೊಟ್ಟಿ ಬುಟ್ಟಿಯ ತಳಕ್ಕೆ ಹಾಸುತ್ತಿದ್ದೆ. ಕಾಗದ ದಪ್ಪಗಿರುತ್ತಿತ್ತು, ಬಣ್ಣ ಬಿಡುತ್ತಿರಲಿಲ್ಲ.

ರೊಟ್ಟಿ ಬುಟ್ಟಿಯ ವಿಷಯ ಹೇಳಲೇಬೇಕು. ನಮ್ಮ ಕಡೆಯವರು ಹೈದರಾಬಾದಿಗೆ ಬಂದು ಎಷ್ಟು ವರ್ಷವಾದರೂ, ಬಾಗಿಲಾಚೆ ತೆಲುಗು, ಹಿಂದಿ ಎಷ್ಟೇ ಮಾತಾಡಿದರೂ, ಅಡುಗೆ ಮನೆಯಲ್ಲಿ ಒಂದು ಬುಟ್ಟಿ ಕಡಕ್ ರೊಟ್ಟಿ ಇರಲೇಬೇಕು. ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು, ಸುಟ್ಟು, ಗೋಡೆಗೆ ಆನಿಸಿ ನಿಲ್ಲಿಸಿ ಆರಿಸಿದರೆ ಹಪ್ಪಳದ ಹಾಗೆ ಗರಿಗರಿಯಾಗುತ್ತದೆ. ತಿಂಗಳುಗಟ್ಟಲೆ ಕೆಡುವುದಿಲ್ಲ. ಹೈಟೆಕ್ ಸಿಟಿಯ ಗಾಜಿನ ಕಟ್ಟಡಗಳನ್ನು ಕಟ್ಟಲು ನಮ್ಮ ಜಿಲ್ಲೆಗಳಿಂದ ಬರುವ ಕೂಲಿಯವರು ಕಾಚಿಗೂಡ ಸ್ಟೇಷನ್ನಿನಲ್ಲಿ ಇಳಿಯುವುದನ್ನು ನೋಡಿದ್ದೇನೆ. ಹಾಸಿಗೆ ಇಲ್ಲದಿದ್ದರೂ ರೊಟ್ಟಿಯ ಗಂಟು ಇರುತ್ತದೆ. ಗಾಜಿನೊಳಗೆ ಕುಳಿತವರು ಏನು ತಿನ್ನುತ್ತಾರೋ ತಿಳಿಯದು, ಗಾಜು ನಿಂತಿರುವುದು ಮಾತ್ರ ಕಡಕ್ ರೊಟ್ಟಿಯ ಮೇಲೆ.

ನಿವೃತ್ತಿಯ ಹಾರ ಇನ್ನೂ ಬಾಡಿರಲಿಲ್ಲ. ನಾನು ಸಮುದ್ರದ ಮಾತೆತ್ತಿದೆ. ಇವರು ಪತ್ರಿಕೆಯಿಂದ ತಲೆ ಎತ್ತದೆ ಹೇಳಿದರು:

“ಸಮುದ್ರ ನೋಡಾಕ ಹೋಗೂದು ಬ್ಯಾರೆ, ಇರಾಕ ಹೋಗೂದು ಬ್ಯಾರೆ. ಒಂದ್ ಮಳಿಗಾಲ ಅಲ್ಲಿ ಇದ್ದು ತೋರಸು. ‘ವಾಪಸ್ ಹೋಗೂಣು’ ಅಂತ ಒಮ್ಮೆ ನಿನ್ನ ಬಾಯಾಗ ಬಂತಂದ್ರ ಮುಗೀತು. ಮತ್ತ ಆ ಮಾತು ಎತ್ತಬಾರದು.”

“ಆತು ರೀ,” ಎಂದೆ.

ಪಕ್ಕದ ಮನೆಯ ರಾಜ್ಯಲಕ್ಷ್ಮಿ ಸೊಂಟದ ಮೇಲೆ ಕೈಯಿಟ್ಟು, “ವದಿನಾ, ಮೀಕು ಪಿಚ್ಚಿ ಪಟ್ಟಿಂದಾ?” ಎಂದಳು. ಅತ್ತಿಗೆ, ಹುಚ್ಚು ಹಿಡಿಯಿತೇ ಎಂದು. ಜನ ಹಳ್ಳಿ ಬಿಟ್ಟು ಈ ಊರಿಗೆ ಓಡಿ ಬರುತ್ತಿರುವಾಗ, ಇಲ್ಲಿ ಸ್ವಂತ ಮನೆಯಿದ್ದವರು ಹೊರಟು ನಿಂತರೆ ಇನ್ನೇನೆಂದಾಳು? ಹೈಟೆಕ್ ಸಿಟಿಯ ಪಕ್ಕದ ಮಾಧಾಪುರದಲ್ಲಿ ಕೆಲಸ ಮಾಡುವ ಮಗಳು ಮಾತ್ರ, “ಹೋಗಿ ಬಾ ಅಮ್ಮ, ಒಂದು ತಿಂಗಳಲ್ಲಿ ನಿನಗೇ ಸಾಕಾಗತೈತಿ” ಎಂದು ಧೈರ್ಯ ತುಂಬಿದಳು.

ಕಾಚಿಗೂಡದಲ್ಲಿ ರೈಲು ಹತ್ತಿದೆವು. ನನ್ನ ಜೊತೆಗೆ ಬಂದದ್ದು ಒಂದು ದೊಡ್ಡ ಬುಟ್ಟಿ ಕಡಕ್ ರೊಟ್ಟಿ. ಹುಬ್ಬಳ್ಳಿಯಲ್ಲಿ ಬಸ್ಸು ಹಿಡಿದು, ಘಟ್ಟ ಇಳಿದು, ಹೊನ್ನಾವರದ ಹತ್ತಿರದ ಹಳ್ಳಿಯಲ್ಲಿ ಬಾಡಿಗೆಗೆ ಹಿಡಿದಿದ್ದ ಮನೆ ಸೇರುವ ತನಕ ಅದನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದೆ. ಒಂದೂ ಮುರಿಯಲಿಲ್ಲ. ಮಳೆಗಾಲ ಪೂರ್ತಿ ಸಾಕೆಂದು ಲೆಕ್ಕ ಹಾಕಿದ್ದೆ. ಸಮುದ್ರವೂ ಹೇಳಿದಲ್ಲೇ ಇತ್ತು. ಬಟ್ಟೆ ಒಣಹಾಕಲು ಹೋಗಿ ಕಣ್ಣೆತ್ತಿದೆ, ಕಂಡಿತು. ಬಟ್ಟೆ ಮಾತ್ರ ಒಣಗಲಿಲ್ಲ.

ಎರಡು ದಿನ ಕಳೆದ ಮೇಲೆ ಊಟಕ್ಕೆ ಕುಳಿತಾಗ ಇವರು ಬುಟ್ಟಿಯಿಂದ ಒಂದು ರೊಟ್ಟಿ ತೆಗೆದರು. ಎರಡು ಮಡಿಕೆ ಮಾಡಿದರು. ನಾಲ್ಕು ಮಡಿಕೆ ಮಾಡಿದರು. ಕರವಸ್ತ್ರದಂತೆ ಅಂಗಿಯ ಜೇಬಿಗೆ ಇಟ್ಟುಕೊಳ್ಳುವವರಂತೆ ಅಭಿನಯಿಸಿ, “ನೋಡಿದ್ಯಾ? ಇನ್ನ ಸ್ವಲ್ಪ ದಿನಕ್ಕ ನಿನ್ನ ಹಟಾನೂ ಹಿಂಗ ಮೆತ್ತಗಾಗತೈತಿ,” ಎಂದರು.

ಅಂದಿನಿಂದ ನನಗೂ ಸಮುದ್ರದ ಆ ಹಸಿ ಗಾಳಿಗೂ ಜಿದ್ದು ಬಿತ್ತು. ರೊಟ್ಟಿಗಳನ್ನು ಅಕ್ಕಿಯ ಡಬ್ಬಿಯಲ್ಲಿ ಹೂತೆ. ಒಲೆಯ ಮೇಲಿನ ಹಲಗೆಗೆ ಏರಿಸಿದೆ. ಬಟ್ಟೆ ಸುತ್ತಿ, ಪ್ಲಾಸ್ಟಿಕ್ ಸುತ್ತಿ, ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಟ್ರಂಕಿನ ಬೀಗ ತುಕ್ಕು ಹಿಡಿಯಿತು, ರೊಟ್ಟಿ ಮೆತ್ತಗೇ ಬಂತು. ಮನೆಯ ಒಡತಿ ಗಂಗಕ್ಕ ಬಾಗಿಲಲ್ಲಿ ನಿಂತು ಈ ಯುದ್ಧ ನೋಡಿ ನಕ್ಕಳು. “ಎಂತ ಅಕ್ಕಾ ಇದು? ಮಳೆಗಾಲದಲ್ಲಿ ಉಪ್ಪೇ ನೀರಾಗ್ತದೆ, ನಿಮ್ಮ ರೊಟ್ಟಿ ಯಾವ ಲೆಕ್ಕ? ನಾವು ಹಪ್ಪಳವನ್ನೂ ಸುಟ್ಟ ಕೂಡಲೇ ತಿಂದು ಮುಗಿಸ್ತೇವೆ.”

ಉಪ್ಪಿನ ಮಾತು ನಿಜವೇ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎಂಬ ಗಾದೆಯನ್ನು ನಾನು ಶಾಲೆಯಲ್ಲಿ ವಿಸ್ತರಿಸಿ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಅದರ ಅರ್ಥ ತಿಳಿದದ್ದು ಉಪ್ಪಿನ ಭರಣಿ ತೆಗೆದು, ಒಳಗೆ ನೀರು ನೋಡಿದಾಗ. ಗಾದೆ ಮಾಡಿದವರು ದೊಡ್ಡವರ ಜಿಪುಣತನದ ಬಗ್ಗೆ ಹೇಳಿದ್ದಿರಬಹುದು, ನನಗಂತೂ ಅದು ಮಳೆಗಾಲದ ಅಡುಗೆ ಮನೆಯ ವರದಿಯೆನಿಸಿತು.

ಒಂದು ಮಧ್ಯಾಹ್ನ ಮಾತ್ರ ಸೋಲು ಬಾಗಿಲ ತನಕ ಬಂದಿತ್ತು. ಉಳಿದ ರೊಟ್ಟಿಗಳ ಮೇಲೆ ಬೂಸಲು ಬಂದಿತ್ತು. ಬುಟ್ಟಿಯ ತಳದ ಕರಪತ್ರದಲ್ಲಿ ‘ಅಮೆರಿಕ’ ಎಂಬ ಅಕ್ಷರಗಳೂ ಅಳಿಸಿಹೋಗಿದ್ದವು. ಹೊರಗೆ ಮಳೆ, ಒಳಗೆ ಹಗ್ಗದ ತುಂಬ ಹಸಿ ಸೀರೆಗಳು. ನಮ್ಮ ಮಾಳಿಗೆಯ ಬಿಸಿಲು ನೆನಪಾಯಿತು, ರಾಜ್ಯಲಕ್ಷ್ಮಿ ಗೋಡೆಯ ಮೇಲಿಂದ ದಾಟಿಸುವ ಆವಕಾಯಿ ಉಪ್ಪಿನಕಾಯಿಯ ಬಟ್ಟಲು ನೆನಪಾಯಿತು. ‘ವಾಪಸ್ ಹೋಗೂಣು’ ಎಂಬ ಆ ಎರಡು ಶಬ್ದ ನಾಲಿಗೆಯ ತುದಿಗೆ ಬಂದವು. ಇವರು ಕಿಟಕಿಯ ಬಳಿ ಕುಳಿತು, ನನ್ನ ಬಾಯನ್ನೇ ನೋಡುತ್ತಿದ್ದಂತಿತ್ತು. ನಾನು ಎದ್ದು ಬೂಸಲು ಬಂದ ರೊಟ್ಟಿಗಳನ್ನು ತೆಂಗಿನ ಬುಡಕ್ಕೆ ಹಾಕಿದೆ. ಬಿಸಿ ನೀರು ಕಾಯಿಸಿ, ಹಿಟ್ಟು ನಾದಿ, ನಾಲ್ಕು ರೊಟ್ಟಿ ಬಡಿದೆ. ಆ ದಿನಕ್ಕೆ ನಾಲ್ಕು. ಮರುದಿನಕ್ಕೆ ಮತ್ತೆ ನಾಲ್ಕು. ಹೆಂಚಿನಿಂದ ನೇರ ತಟ್ಟೆಗೆ, ಉಬ್ಬಿದ, ಮೆತ್ತನೆಯ ರೊಟ್ಟಿ. ಮಳೆಗಾಲ ಹಾಗೆಯೇ ದಾಟಿತು.

ಷರತ್ತು ಗೆದ್ದು ಹೈದರಾಬಾದಿಗೆ ಬಂದೆವು. “ಈಗೇನಂತೀರಿ?” ಎಂದು ಕೇಳಿದೆ. “ನೋಡೂಣು,” ಎಂದರು. ಜೀವಮಾನವಿಡೀ ಸರಕಾರಿ ಕಾರ್ಖಾನೆಯಲ್ಲಿ ಕೆಲಸ ಮಾಡಿದವರ ‘ನೋಡೂಣು’ ಎಂದರೆ ಕಡತ ಕಪಾಟಿಗೆ ಹೋಯಿತೆಂದು ಅರ್ಥ. ದಸರೆ ಕಳೆಯಿತು, ದೀಪಾವಳಿ ಕಳೆಯಿತು. ನಾನು ಮತ್ತೆ ಕೇಳಲಿಲ್ಲ, ಬಿಡಲೂ ಇಲ್ಲ. ಮಾಳಿಗೆಯ ಬಿಸಿಲಿನಲ್ಲಿ ಒಂದು ಬುಟ್ಟಿ ಕಡಕ್ ರೊಟ್ಟಿ ಮಾಡಿಟ್ಟೆ. ಇಲ್ಲಿಯ ಒಣ ಗಾಳಿಗೆ ಮತ್ತೆ ಅದೇ ಗರಿಗರಿ.

ಮೊನ್ನೆ ಊಟದ ಹೊತ್ತಿಗೆ ಅಡುಗೆ ಮನೆಗೆ ಬಂದರೆ, ಇವರು ನನಗೆ ಬೆನ್ನು ಮಾಡಿ ನಿಂತು ಏನೋ ಮಾಡುತ್ತಿದ್ದರು. ರೊಟ್ಟಿಯ ಮೇಲೆ ನೀರು ಚಿಮುಕಿಸಿ, ಒದ್ದೆ ಬಟ್ಟೆ ಮುಚ್ಚಿ, ಅದರ ಮೇಲೊಂದು ತಟ್ಟೆ ಬೋರಲು ಹಾಕುತ್ತಿದ್ದರು.

“ಏನ್ ಮಾಡಾಕತ್ತೀರಿ?”

ತುಡುಗು ಮಾಡಿ ಸಿಕ್ಕಿಬಿದ್ದವರಂತೆ ತಿರುಗಿದರು. “ದವಡಿ ಹಲ್ಲು ಹೋಗಿ ಭಾಳ ದಿನ ಆತು. ಇದು ಕಲ್ಲು ಕಡದಂಗ ಆಗತೈತಿ. ನೀ ಪ್ರೀತಿಲೆ ಮಾಡತಿ, ಹ್ಯಾಂಗ ಹೇಳೂದು ಅಂತ ದಿನಾ ಸಾರಿನಾಗ ಮುಳುಗಿಸಿ ತಿಂತಿದ್ದೆ.” ತಟ್ಟೆ ಎತ್ತಿ ರೊಟ್ಟಿಯನ್ನು ಒತ್ತಿ ನೋಡಿದರು. “ಅಲ್ಲಿ ನೀ ಮಾಡತಿದ್ದ ಬಿಸಿ ರೊಟ್ಟಿ ಹಂಗ ಇಲ್ಲ ಬಿಡು. ವಾಪಸ್ ಯಾವಾಗ ಹೋಗೂಣು?”

ನಾನು ಮಂಚದ ಕೆಳಗಿನಿಂದ ಟ್ರಂಕು ಎಳೆದೆ. ಮೆಲ್ಲಗೆ ಮಾತಾಡುವ ಹೆಂಗಸರಿಗೆ ಸುಮ್ಮನಿರುವುದೂ ಗೊತ್ತಿರುತ್ತದೆ.

ಈಗ ಸಾಮಾನು ಕಟ್ಟುತ್ತಿದ್ದೇನೆ. ಈ ಮನೆಯಲ್ಲಿರಲು ಮಗಳು, ಅಳಿಯ ಬರುತ್ತಾರೆ. ಬುಟ್ಟಿಯನ್ನು ರಾಜ್ಯಲಕ್ಷ್ಮಿಗೆ ಕೊಟ್ಟೆ, ಅವಳು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ ಬುಟ್ಟಿಯನ್ನೇ ಮರೆತು ಹೋಗಿ, ಮತ್ತೆ ಬಂದು ಒಯ್ದಳು. ಕಡಕ್ ರೊಟ್ಟಿ ದಾರಿಯಲ್ಲಿರುವವರ ಊಟವೆಂದು ನನಗೆ ಈಚೆಗೆ ಅನಿಸುತ್ತದೆ. ಎಂದಾದರೊಂದು ದಿನ ಹೊರಡಬೇಕು ಎಂದುಕೊಂಡವರ ಮನೆಯಲ್ಲಿ ಅದು ಸದಾ ಸಿದ್ಧವಾಗಿರುತ್ತದೆ. ನಾನು ಇಷ್ಟು ವರ್ಷ ಬುಟ್ಟಿ ತುಂಬುತ್ತಿದ್ದದ್ದು ಯಾಕೆಂದು ಈಗ ಹೊಳೆಯುತ್ತಿದೆ. ಈ ಸಲ ಲೆಕ್ಕ ಹಾಕಿ ಸ್ವಲ್ಪವೇ ಕಟ್ಟಿಕೊಂಡಿದ್ದೇನೆ, ಹುಬ್ಬಳ್ಳಿಯ ತನಕ ಸಾಕಾಗುವಷ್ಟು. ಘಟ್ಟದ ಕೆಳಗೆ ಒಲೆ ಹಚ್ಚಿದರಾಯಿತು.