ಹುಣಸೆಹುಳಿಯಲ್ಲಿ ಮಿಂದ ಗೂಡ್ಸ್ ಡಬ್ಬಿ

ಚಿಕ್ಕಬಾಣಾವರದಲ್ಲಿ ಆಗಿನ್ನೂ ಮೀಟರ್ ಗೇಜಿನ ಸಣ್ಣ ರೈಲು ಓಡುತ್ತಿತ್ತು. ಗೂಡ್ಸ್ ಗಾಡಿ ಹಾದುಹೋದರೆ ನಮ್ಮ ಅಡುಗೆಮನೆಯ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಕಬ್ಬಿಣ, ಎಣ್ಣೆ, ಒದ್ದೆ ಗೋಣಿಯ ವಾಸನೆ ಸ್ವಲ್ಪ ಹೊತ್ತು ಅಂಗಳದಲ್ಲೇ ನಿಂತಿರುತ್ತಿತ್ತು. ನಾವು ಹುಡುಗಿಯರು ಕುಂಟೆಬಿಲ್ಲೆ ನಿಲ್ಲಿಸಿ ಡಬ್ಬಿ ಎಣಿಸುತ್ತಿದ್ದೆವು. ಲೆಕ್ಕ ತಪ್ಪಿದವಳು ಔಟ್.

ಅಪ್ಪ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ಭಾನುವಾರ ಬಂದರೆ ಮಂಚದಡಿಯಿಂದ ಒಂದು ಹಲಗೆ ಎಳೆಯುತ್ತಿದ್ದರು. ಅದರ ಮೇಲೆ ನಮ್ಮೂರ ಸ್ಟೇಷನ್ನು, ಬೆರಳಗಲದ ಹಳಿ, ಒಂದು ಪುಟಾಣಿ ಉಗಿ ಎಂಜಿನ್ನು. ಅದರ ಹಿಂದೆ ಮಾತ್ರ ಏನೂ ಇರಲಿಲ್ಲ. ಅಪ್ಪನಿಗೆ ಬೇಕಾದದ್ದು ಉಗಿಬಂಡಿ ಕಾಲದ, ನಾಲ್ಕೇ ಚಕ್ರದ ಮೀಟರ್ ಗೇಜ್ ಗೂಡ್ಸ್ ಡಬ್ಬಿಯ ಪುಟಾಣಿ ಮಾದರಿ. ಅವಸರವೂ ಇತ್ತು. ದೊಡ್ಡ ಹಳಿ ಹಾಕುವ ಕೆಲಸ ಶುರುವಾಗಿತ್ತು. ಸ್ಟೇಷನ್ನಿನ ಬದಿಯಲ್ಲಿ ನಿಂತಿದ್ದ ಹಳೇ ಡಬ್ಬಿಗಳನ್ನು ಇವತ್ತೋ ನಾಳೆಯೋ ಎಳೆದೊಯ್ಯುತ್ತಾರೆಂದು ಸುದ್ದಿ. ಅಷ್ಟರೊಳಗೆ ತಮ್ಮದನ್ನು ಜೋಡಿಸಿ, ನಿಜವಾದದ್ದರ ಪಕ್ಕ ಹಿಡಿದು ನೋಡಬೇಕೆಂಬುದು ಅವರ ಆಸೆ.

ಪೇಟೆಯ ಆಟಿಕೆ ಅಂಗಡಿಗಳನ್ನೆಲ್ಲ ಸುತ್ತಿದೆವು. ಒಬ್ಬ ಅಂಗಡಿಯವನು ಬಣ್ಣಬಣ್ಣದ ಫಾರಿನ್ ಡಬ್ಬಿ ತೆಗೆದಿಟ್ಟ.

“ತಗೊಳ್ಳಿ ಸಾರ್, ಸಕ್ಕತ್ತಾಗಿದೆ. ಓಡುತ್ತೆ, ಲೈಟೂ ಹತ್ತುತ್ತೆ.”

“ಇದಲ್ಲಪ್ಪಾ, ನಮ್ಮ ಲೈನಿಂದು ಬೇಕು. ಆ ಕಾಲದ್ದು.”

“ಕಾಲಾನೂ ಪ್ಯಾಕೆಟಲ್ಲಿ ಸಿಗುತ್ತಾ ಸಾರ್?” ಎಂದು ನಕ್ಕ. ನನಗೂ ನಗು ಬಂತು. ಆದರೆ ಬಸ್ಸಿನಲ್ಲಿ ವಾಪಸು ಬರುವಾಗ ಅದೇ ಪ್ರಶ್ನೆ ತಲೆಯಲ್ಲಿ ಕೊರೆಯತೊಡಗಿತು. ಸಿಗುವುದಾದರೆ ಎಲ್ಲಿ ಸಿಗಬಹುದು?

ಸಿಕ್ಕಿದ್ದು ಪೀಣ್ಯದಲ್ಲೇ. ಯಂತ್ರಗಳಿಗೆ ಬಡಿಯುವ ಹಿತ್ತಾಳೆ ಫಲಕಗಳನ್ನು ಅಪ್ಪನ ಕಾರ್ಖಾನೆಯವರು ಒಂದು ಶೆಡ್ಡಿನಲ್ಲಿ ಮಾಡಿಸುತ್ತಿದ್ದರು. ತಗಡಿನ ಮೇಲೆ ಬಣ್ಣ ಬಳಿದು ಅಕ್ಷರ ಮುಚ್ಚಿ, ಉಳಿದ ಜಾಗವನ್ನು ಆಸಿಡ್ಡಿಗೆ ತಿನ್ನಿಸುವ ಕೆಲಸ. ಒಳಗೆ ಕಾಲಿಟ್ಟರೆ ಮೂಗು ಉರಿಯುತ್ತಿತ್ತು. ಅಲ್ಲಿನ ಯಜಮಾನರಿಗೂ ರೈಲಿನ ಹುಚ್ಚಂತೆ. ಎಂದೋ ಒಮ್ಮೆ ಇದೇ ಆಸಿಡ್ಡಿನಲ್ಲಿ ಪುಟಾಣಿ ಗೂಡ್ಸ್ ಡಬ್ಬಿಯ ಗೋಡೆ, ಬಾಗಿಲು, ಚೌಕಟ್ಟುಗಳನ್ನು ಕೊರೆದಿದ್ದರು. ಅಟ್ಟದಿಂದ ಆ ಚೂರುಗಳ ಕೊನೆಯ ಪ್ಯಾಕೆಟ್ಟನ್ನು ಇಳಿಸಿಕೊಟ್ಟು, “ಇದೊಂದೇ ಇರೋದು ಕಣ್ರೀ. ಕೆಡಿಸ್ಬೇಡಿ, ಮತ್ತೆ ಮಾಡೋ ಶಕ್ತಿ ನಂಗಿಲ್ಲ,” ಎಂದರು.

ಹಿತ್ತಾಳೆ ತಗಡು ಹಳತಾಗಿ ಕಪ್ಪಾಗಿತ್ತು. ಮನೆಯಲ್ಲಿ ಅಪ್ಪ ಬೆಸುಗೆ ಹಾಕಲು ಕೂತರೆ ಸೀಸ ಅಂಟುವುದೇ ಇಲ್ಲ. ಗುಂಡಗೆ ಉರುಳಿ ಕೆಳಗೆ ಬೀಳುತ್ತದೆ. ರಾಳ ಸುಟ್ಟ ವಾಸನೆಗೆ ಅಮ್ಮ ಮೂಗು ಮುಚ್ಚಿಕೊಂಡಳು. ಅಪ್ಪ ಸೋತು, ಎಲ್ಲ ಚೂರುಗಳನ್ನು ಒಂದು ತಟ್ಟೆಗೆ ಹಾಕಿ, ನಮ್ಮ ಕೈಗೆ ಸಿಗದಿರಲೆಂದು ದೇವರ ಗೂಡಿನಲ್ಲಿಟ್ಟರು.

ಮಾರನೆಯ ದಿನ ಸೋಮವಾರ. ಅಜ್ಜಿಗೆ ಶಿವನ ವಾರ. ದೀಪ, ಗಂಟೆ, ತಂಬಿಗೆಗಳನ್ನು ಹುಣಸೆಹುಳಿ ಹಾಕಿ ಉಜ್ಜುವಾಗ ತಟ್ಟೆಯಲ್ಲಿದ್ದದ್ದನ್ನೂ ಉಜ್ಜಿಬಿಟ್ಟರು. ಸಂಜೆ ಅಪ್ಪ ಬಂದಾಗ ಗೂಡ್ಸ್ ಡಬ್ಬಿ ಚೂರುಚೂರಾಗಿ ತುಳಸಿಕಟ್ಟೆಯ ಮೇಲೆ ಬಿಸಿಲು ಕಾಯುತ್ತಿತ್ತು.

“ಅಮ್ಮಾ! ಏನ್ಮಾಡ್ಬಿಟ್ಟೆ!”

“ಇತ್ತಾಳೆ ತಾನೇನ್ಲಾ? ದ್ಯಾವ್ರ ಗೂಡ್ನಾಗೆ ನೀನೇ ಮಡಗಿದ್ದೆ. ಮಸಿ ಇಡ್ದಿದ್ನ ಅಂಗೇ ಬಿಡಕಾಯ್ತದಾ?”

ಒಂದು ಬಾಗಿಲು ಉಬ್ಬಿಕೊಂಡಿತ್ತು. ಅಪ್ಪ ಅದನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದರು. ನಾನು ಉಳಿದ ಚೂರುಗಳನ್ನು ತಿರುಗಿಸಿ ತಿರುಗಿಸಿ ನೋಡಿದೆ, ಚಿನ್ನದಂತೆ ಹೊಳೆಯುತ್ತಿದ್ದವು. “ಈಗ ಅಂಟಬಹುದೇನೋ, ನೋಡಪ್ಪಾ,” ಎಂದೆ. ಬೇಸರದಿಂದಲೇ ಅವರು ಬೆಸುಗೆಯ ಕಾದ ಕಡ್ಡಿ ಮುಟ್ಟಿಸಿದರು. ಸೀಸ ಸಂದಿಯುದ್ದಕ್ಕೂ ನೀರಿನಂತೆ ಹರಿಯಿತು! ಬೆಸುಗೆಗೆ ಬೇಕಾಗಿದ್ದದ್ದು ಮಸಿ ಹೋದ ಲೋಹ. ಶಿವ ಅದನ್ನು ಅಜ್ಜಿಯ ಕೈಯಲ್ಲಿ ಮಾಡಿಸಿದ ಎಂದೇ ನಾನು ಇವತ್ತಿಗೂ ನಂಬಿದ್ದೇನೆ. ಅಪ್ಪ ಅಷ್ಟು ದೂರ ಹೋಗಲಿಲ್ಲ, “ಹುಣಸೆಹುಳಿ ದೊಡ್ಡದು ಕಣೇ,” ಎಂದರು ಅಷ್ಟೇ.

ಭಾನುವಾರ ಅಜ್ಜಿ ಡಬ್ಬಿಯ ಮಾಡಿಗೆ ವಿಭೂತಿ ಎಳೆದು ಕಳಿಸಿದರು. ಸ್ಟೇಷನ್ನಿಗೆ ಹೋದರೆ ಹಳೇ ಡಬ್ಬಿಗಳು ಇನ್ನೂ ಅಲ್ಲೇ ನಿಂತಿದ್ದವು. ಅಪ್ಪ ತಮ್ಮದನ್ನು ಅಂಗೈಯಲ್ಲಿಟ್ಟು, ಒಂದು ಕಣ್ಣು ಮುಚ್ಚಿ, ಪಕ್ಕದಲ್ಲಿ ಹಿಡಿದರು. ಹಳಿ ಕಾಯುವ ಅಣ್ಣನೊಬ್ಬ ಬಂದು ಇಣುಕಿದ.

“ಏನ್ ಸಾರ್ ಇದು, ನಮ್ ಗಾಡೀನ ಸೋಪಿನ ಡಬ್ಬ ಮಾಡ್ಬಿಟ್ಟಿದೀರಾ! ಅಂಗೇ ಐತೆ!”

“ಬಾಗಿಲೊಂದು ಉಬ್ಬಿದೆ,” ಎಂದರು ಅಪ್ಪ.

“ನಮ್ದು ನೋಡಿ ಸಾರ್, ಮೂಟೆ ಒತ್ತಿ ಒತ್ತಿ ಎಲ್ಲಾ ಬಾಗ್ಲೂ ಬಸುರಿ!”

ಅಪ್ಪ ಜೋರಾಗಿ ನಕ್ಕರು. ಆಮೇಲೆ ಆ ಬಾಗಿಲನ್ನು ನೆಟ್ಟಗೆ ಮಾಡುವ ಯೋಚನೆಯನ್ನೇ ಬಿಟ್ಟರು. ನಾನು ದೊಡ್ಡ ಡಬ್ಬಿಯ ಕೊಂಡಿ, ಚಕ್ರ, ಬೋಲ್ಟುಗಳನ್ನು ಒಂದೊಂದಾಗಿ ಮುಟ್ಟಿ, ಅಪ್ಪನ ಅಂಗೈಯಲ್ಲಿ ಅವೆಲ್ಲ ಇವೆಯೇ ಎಂದು ಹುಡುಕಿದೆ. ಇದ್ದವು.

ಕೆಲವೇ ದಿನಗಳಲ್ಲಿ ಆ ಹಳೇ ಡಬ್ಬಿಗಳನ್ನು ಎಳೆದುಕೊಂಡು ಹೋದರು. ಆಮೇಲೆ ಹಳಿಯೂ ಹೋಯಿತು. ಎರಡನೆಯ ಪ್ಯಾಕೆಟ್ಟು ಎಲ್ಲೂ ಸಿಗಲಿಲ್ಲ. “ಒಂದು ಸಿಕ್ತಲ್ಲ,” ಎನ್ನುತ್ತಿದ್ದರು ಅಪ್ಪ. ಆ ಒಂದಾದರೂ ಹೊತ್ತು ಮೀರುವ ಮುಂಚೆ ಮುಗಿಯಿತಲ್ಲ, ಅದೇ ದೊಡ್ಡ ದಯೆ. ಈಗಿನ ಗೂಡ್ಸ್ ಗಾಡಿಗಳು ಉದ್ದ, ವೇಗ; ಹತ್ತಿರ ಹೋಗುವಂತಿಲ್ಲ. ಆ ಭಾನುವಾರ ಹಳೇ ಡಬ್ಬಿ ಮುಟ್ಟಿ ನನ್ನ ಹತ್ತೂ ಬೆರಳಿಗೆ ಕೆಂಪು ತುಕ್ಕು ಹತ್ತಿತ್ತು. ಊಟಕ್ಕೆ ಕೂರುವ ಮೊದಲು ಉಜ್ಜಿ ಉಜ್ಜಿ ತೊಳೆದುಕೊಂಡೆ. ಸ್ವಲ್ಪ ಹೊತ್ತು ಹಾಗೇ ಬಿಡಬಹುದಿತ್ತು.