ಸರದಿಯ ಮೇಲೆ ಫ್ರೀ ಬಾಲ್

ಕ್ಲಬ್ಬಿನ ಸ್ನೂಕರ್ ಕೋಣೆಯಲ್ಲಿ ಅಂಕ ಬರೆಯುವ ಮಾರ್ಕರಣ್ಣನಿಗೆ ಇಪ್ಪತ್ತೆರಡು ವರ್ಷದ ಸರ್ವೀಸು. ಚೆಂಡು ಒರೆಸುವುದು, ಮೇಜಿನ ಹಸಿರು ಬಟ್ಟೆಗೆ ಬ್ರಷ್ ಹಾಕುವುದು, ಸದಸ್ಯರ ಜಗಳ ಬಿಡಿಸುವುದು, ಎಲ್ಲದರಲ್ಲೂ ಎತ್ತಿದ ಕೈ. ತಿಳಿಯದೇ ಉಳಿದದ್ದು ಒಂದೇ ಒಂದು, ಫ್ರೀ ಬಾಲ್ ನಿಯಮ. ತನಗೆ ಅದು ತಿಳಿದಿಲ್ಲ ಎಂಬುದು ಮಾತ್ರ ಅವನಿಗೆ ಚೆನ್ನಾಗಿ ತಿಳಿದಿತ್ತು.

ತಪ್ಪೆಲ್ಲ ಅವನದೇ ಅನ್ನುವಂತಿಲ್ಲ ಬಿಡಿ. ಕೆಲಸಕ್ಕೆ ಸೇರಿದ ದಿನ ಹಳೆಯ ಮಾರ್ಕರ್ ಪಕ್ಕಕ್ಕೆ ಕರೆದು ಹೇಳಿದ್ದ: "ಯಾರಾದ್ರೂ ಫ್ರೀ ಬಾಲ್ ಕೇಳಿದ್ರೆ ಮೇಜಿಗೆ ಕೆನ್ನೆ ಹಚ್ಚಿ ಒಂದು ನಿಮಿಷ ನೋಡು. ಏನಾದ್ರೂ ಕಾಣ್ಲಿ ಬಿಡ್ಲಿ, ಮುಖ ಗಂಭೀರವಾಗಿರ್ಲಿ. ಹೋದ ಸಲ ಅವರಿಗೆ ಕೊಟ್ಟಿದ್ರೆ ಈ ಸಲ ಇಲ್ಲ ಅನ್ನು. ಇಲ್ಲ ಅಂದಿದ್ರೆ ಕೊಡು. ಯಾರಿಗೂ ಬೇಜಾರಾಗಲ್ಲ."

ಅಂದಿನಿಂದ ಆ ಕೋಣೆಯಲ್ಲಿ ಫ್ರೀ ಬಾಲ್ ಸರದಿಯ ಮೇಲೆಯೇ ನಡೆಯಿತು. ಅರವತ್ತು ಸದಸ್ಯರಲ್ಲಿ ಯಾರಿಗೆ ಕೊಟ್ಟಾಗಿದೆ, ಯಾರಿಗೆ ಕೊಡಬೇಕಾಗಿದೆ ಎಂಬುದೆಲ್ಲ ಅವನ ನಾಲಿಗೆಯ ತುದಿಯಲ್ಲೇ ಇತ್ತು. ಹೆಂಡತಿ ತರಲು ಹೇಳಿದ ಸೋಪು ಮಾತ್ರ ದಿನವೂ ಮರೆತುಹೋಗುತ್ತಿತ್ತು.

ಗುಟ್ಟು ಹಿಡಿದವಳು ಮಗಳು. ಎರಡು ವರ್ಷದಿಂದ ಬೆಳಿಗ್ಗೆ ಆರಕ್ಕೆ ಕ್ಲಬ್ಬಿಗೆ ಹೋಗಿ, ಅಭ್ಯಾಸ ಮುಗಿಸಿ, ಆಮೇಲೆ ಆಫೀಸಿಗೆ ಓಡುತ್ತಿದ್ದ ಹುಡುಗಿ. ಕ್ಲಬ್ಬಿನ ಫೈನಲ್ಲಿಗೆ ಬಂದಿದ್ದಳು. ಅದರಲ್ಲಿ ಗೆದ್ದವರು ದೊಡ್ಡ ಟೂರ್ನಮೆಂಟಿಗೆ ಕ್ಲಬ್ಬಿನ ಪರವಾಗಿ ಹೋಗಬೇಕು. ಆ ಒಂದು ಸೀಟಿನ ಮೇಲೆ ಅವಳಿಗೂ ಆಸೆ, ಅವಳಿಗಿಂತ ಒಂದು ಕೈ ಹೆಚ್ಚಾಗಿ ಅಪ್ಪನಿಗೆ.

ಫೈನಲ್ಲಿಗೆ ಮುಂಚಿನ ಭಾನುವಾರ ಅವಳು ನೇರವಾಗಿ ಕೇಳಿದಳು. "ಅಪ್ಪಾ, ನಿನಗೆ ಫ್ರೀ ಬಾಲ್ ಗೊತ್ತಾ?"

"ಗೊತ್ತಿಲ್ದೆ ಇಷ್ಟು ವರ್ಷ ಕಡಲೆಕಾಯಿ ಬಿಡಿಸ್ತಿದ್ನಾ?"

"ಹಾಗಾದ್ರೆ ಹೇಳು ನೋಡೋಣ."

ಮಾರ್ಕರಣ್ಣ ಗಿಡಕ್ಕೆ ನೀರು ಹಾಕಬೇಕೆಂದು ಹಿತ್ತಿಲಿಗೆ ಜಾರಿದ. ಮಗಳು ಬೆನ್ನು ಬಿಡಲಿಲ್ಲ. ಅಲ್ಲಿ ತಾಯಿ ಹಗ್ಗದ ಮೇಲೆ ಬೆಡ್‌ಶೀಟು ಹರವುತ್ತಿದ್ದಳು.

"ನೀನು ಬಿಳಿ ಚೆಂಡು. ಅಮ್ಮ ರೆಡ್, ನೀನು ಹೊಡೀಬೇಕಾದ ಚೆಂಡು. ನಿಂತಲ್ಲಿಂದ್ಲೇ ನೋಡು. ಅಮ್ಮನ ಎಡಗಿವಿ ಕಾಣ್ತಿದ್ಯಾ?"

"ಕಾಣ್ತಿದೆ."

"ಬಲಗಿವಿ?"

"ಬೆಡ್‌ಶೀಟು ಅಡ್ಡ."

"ಅಷ್ಟೇ ಅಪ್ಪಾ! ಎದುರಾಳಿ ಫೌಲ್ ಮಾಡಿರ್ಬೇಕು. ನೀನು ಹೊಡೀಬೇಕಾದ ಚೆಂಡಿನ ಎರಡು ಅಂಚಿಗೂ ನೇರ ದಾರಿ ಇದ್ರೆ ಫ್ರೀ ಬಾಲ್ ಇಲ್ಲ. ಒಂದು ಅಂಚು ಮರೆಯಾದ್ರೂ ಸಾಕು, ಬೇರೆ ಯಾವ ಬಣ್ಣನಾದ್ರೂ ರೆಡ್ ಅಂತ ಹೇಳಿ ಹೊಡೀಬಹುದು."

"ಇಷ್ಟೇನಾ?" ಎಂದ ಮಾರ್ಕರಣ್ಣ. ಕಣ್ಣು ತುಂಬಿ ಬಂತು. ಇಪ್ಪತ್ತೆರಡು ವರ್ಷ ಮೇಜಿಗೆ ಕೆನ್ನೆ ಉಜ್ಜಿದ್ದು ದಂಡವಾಯಿತಲ್ಲ ಎಂದು ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

"ನನ್ನ ಕಿವಿ ಎಣಿಸಿದ್ದು ಸಾಕು, ಬಂದು ಇದರ ಇನ್ನೊಂದು ತುದಿ ಹಿಡ್ಕೊಳ್ಳಿ," ಎಂದಳು ಹೆಂಡತಿ.

ಫೈನಲ್ ದಿನ ಎದುರಾಳಿ ಹಲ್ಲಿನ ಡಾಕ್ಟರು. ಮಗಳ ಆಟಕ್ಕೆ ಅಪ್ಪ ತೀರ್ಪು ಹೇಳಬಹುದೇ ಎಂದು ಯಾರೋ ಕೊಂಕು ತೆಗೆದಾಗ ಡಾಕ್ಟರೇ, "ಮಾರ್ಕರಣ್ಣನ್ನ ಬಿಟ್ರೆ ಇನ್ಯಾರು? ಇರ್ಲಿ ಬಿಡಿ," ಎಂದರು. ಆಟ ಕೊನೆಯ ಫ್ರೇಮಿನವರೆಗೂ ಎಳೆದುಕೊಂಡು ಹೋಯಿತು. ಮೇಜಿನ ಮೇಲೆ ಉಳಿದದ್ದು ಒಂದು ರೆಡ್ ಮತ್ತು ಬಣ್ಣಗಳು. ಮಗಳು ಮುಂದಿದ್ದಳು. ಅವಳು ಹೊಡೆದ ಬಿಳಿ ಚೆಂಡು ರೆಡ್ಡನ್ನು ಕೂದಲೆಳೆಯಲ್ಲಿ ತಪ್ಪಿಸಿ, ಸುತ್ತಿ ಬಂದು ಬ್ರೌನ್ ಹಿಂದೆ ನಿಂತಿತು. ಫೌಲ್.

"ಫ್ರೀ ಬಾಲಾ?" ಎಂದರು ಡಾಕ್ಟರು, ಕೇಳಬೇಕಲ್ಲ ಎಂದು ಕೇಳುವವರಂತೆ.

ಹೋದ ಸಲ ಡಾಕ್ಟರಿಗೆ ಕೊಟ್ಟಾಗಿತ್ತು. ಸರದಿಯಂತೆ ಈಗ ಇಲ್ಲ ಅನ್ನಬೇಕು. ಅಂದರೆ ಮಗಳು ಗೆದ್ದಂತೆಯೇ. ಮಾರ್ಕರಣ್ಣ ಕೆನ್ನೆ ಹಚ್ಚಿ ನೋಡಿದ. ಈ ಸಲ ನಿಜವಾಗಿ ನೋಡಿದ. ರೆಡ್ಡಿನ ಎಡ ಅಂಚು ಸ್ವಚ್ಛ. ಬಲ ಅಂಚಿಗೆ ಬ್ರೌನ್ ಅಡ್ಡ. ಹಾಳಾದ್ದು, ಯಾಕಾದರೂ ಕಲಿತೆನೋ ಅನ್ನಿಸಿತು.

"ಫ್ರೀ ಬಾಲ್," ಎಂದ.

ಡಾಕ್ಟರು ಬಾಯಿ ಬಿಟ್ಟರು. "ಹೋದ ಸಲ ನನಗೇ ಕೊಟ್ಟಿದ್ರಲ್ಲ ಮಾರ್ಕರಣ್ಣ? ಈ ಸಲ ಇಲ್ಲ ಅನ್ನೋ ಸರದಿ ಅಲ್ವಾ?"

ಕೋಣೆಯಲ್ಲಿ ಗೊಳ್ಳೆಂದು ನಗು. ಅರವತ್ತು ಜನರಿಗೂ ಗೊತ್ತಿತ್ತು! ಪುಣ್ಯಾತ್ಮರು ಇಷ್ಟು ವರ್ಷ ಅವನ ಮರ್ಯಾದೆ ಕಾಪಾಡಿಕೊಂಡು, ತಮ್ಮ ತಮ್ಮ ಸರದಿ ಕಾಯುತ್ತಾ ಕೂತಿದ್ದರು. ಮಾರ್ಕರಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಸರದಿ ಮುಗೀತು ಡಾಕ್ಟ್ರೇ. ಇನ್ಮೇಲೆ ನೋಡಿ ಹೇಳ್ತೀನಿ."

ಡಾಕ್ಟರು ಮೇಜಿನ ಮೂಲೆಯ ಜೇಬಿನ ಬಾಯಲ್ಲಿದ್ದ ಪಿಂಕನ್ನು ರೆಡ್ ಎಂದು ಹೇಳಿ ಬೀಳಿಸಿದರು. ರೆಡ್ಡಿನ ಲೆಕ್ಕದಲ್ಲಿ ಒಂದು ಅಂಕ. ಆಮೇಲೆ ಬ್ಲ್ಯಾಕ್, ಏಳು. ನಂತರ ನಿಜವಾದ ರೆಡ್, ಅದರ ಹಿಂದೆ ಬಣ್ಣಗಳು. ಹಲ್ಲು ಕೀಳುವಷ್ಟೇ ನಿಧಾನವಾಗಿ ಒಂದೊಂದನ್ನೂ ಕಿತ್ತರು. ಸೋತ ಮಗಳು ಕೈ ಕುಲುಕಿ, ಕೋಲನ್ನು ಚೀಲಕ್ಕೆ ಹಾಕಿಕೊಂಡು ಹೊರಬಂದಳು.

ಅಪ್ಪ, ಮಗಳು ಬಸ್ ಸ್ಟಾಪಿಗೆ ನಡೆದರು. ಬೆಂಚಿನ ಮೇಲೆ ಕೂತ ಮೇಲೆ ಅವಳು ಕೇಳಿದಳು. "ಬಲ ಅಂಚು ನಿಜವಾಗ್ಲೂ ಕಾಣ್ತಿರ್ಲಿಲ್ವಾ ಅಪ್ಪಾ? ನಾನು ನಿಂತಲ್ಲಿಂದ ಗೊತ್ತಾಗ್ಲಿಲ್ಲ."

"ಇಲ್ಲ ಕಣಮ್ಮಾ."

"ನೀನು ಕಾಣ್ತಿದೆ ಅಂದಿದ್ರೂ ನಾನು ನಂಬಿರ್ತಿದ್ದೆ."

"ಗೊತ್ತು," ಎಂದ ಮಾರ್ಕರಣ್ಣ. "ಅದಕ್ಕೇ ಹೇಳೋಕಾಗ್ಲಿಲ್ಲ."